ನಾಲ್ಕು ತಂತಿಗೆ ಹಳದಿ ಚೀಟಿ

ನಮ್ಮ ಮಾವನವರು ಈ ಭೂಮಿಗೆ ಬಂದು ಅರವತ್ತೆಂಟು ವರ್ಷವಾಯಿತು. ಇಷ್ಟು ವರ್ಷಗಳಲ್ಲಿ ಅವರು ಯಾವ ತಕರಾರೂ ಇಲ್ಲದೆ ಒಪ್ಪಿಕೊಂಡದ್ದು ಒಟ್ಟು ಮೂರನ್ನು ಮಾತ್ರ. ಒಂದು, ಅವರ ಕಾರ್ಖಾನೆಯಲ್ಲಿದ್ದ ಹಳೆಯ ಮೈಕ್ರೋಮೀಟರ್. ಎರಡು, ನಮ್ಮ ಅತ್ತೆಯವರು ತಟ್ಟುತ್ತಿದ್ದ ಜೋಳದ ರೊಟ್ಟಿ. ಮೂರು, ನನ್ನ ಮಗಳು. ಕಾರ್ಖಾನೆ ಮುಚ್ಚಿದೆ, ಅತ್ತೆಯವರು ತೀರಿಕೊಂಡಿದ್ದಾರೆ, ಹೀಗಾಗಿ ಸದ್ಯಕ್ಕೆ ಚಾಲ್ತಿಯಲ್ಲಿರುವುದು ಮೂರನೆಯದೊಂದೇ. ಆ ಪಟ್ಟಿಯಲ್ಲಿ ನಾನಿಲ್ಲ ಎಂಬುದನ್ನು ನೀವು ಗಮನಿಸಿರಬಹುದು. ನಾನಂತೂ ಇಪ್ಪತ್ತು ವರ್ಷದಿಂದ ಗಮನಿಸುತ್ತಿದ್ದೇನೆ.

ಮಾವನವರು ಪೀಣ್ಯದ ಒಂದು ಗೇರ್ ಕಾರ್ಖಾನೆಯಲ್ಲಿ ಮೂವತ್ತೈದು ವರ್ಷ ಇನ್‌ಸ್ಪೆಕ್ಟರ್ ಆಗಿದ್ದರು. ತಯಾರಾದ ಮಾಲನ್ನು ಅಳೆದು ನೋಡಿ ಚೀಟಿ ಕಟ್ಟುವುದು ಅವರ ಕೆಲಸ. ಸರಿಯಿದ್ದರೆ ಹಸಿರು ಚೀಟಿ. ಸರಿಯಿಲ್ಲದಿದ್ದರೆ ಕೆಂಪು. ಇವೆರಡರ ನಡುವೆ ಹಳದಿ ಚೀಟಿ ಎಂಬುದೊಂದಿದೆ: ದೋಷ ಇದೆ, ಆದರೂ ಬಳಸಬಹುದು. ಪ್ರತಿ ಚೀಟಿಯಲ್ಲೂ ಮೂರು ಸಾಲು. ವಸ್ತು, ದೋಷ, ಷರಾ. ಅವರ ಮೇಜು ಇದ್ದದ್ದು ಗ್ರೈಂಡಿಂಗ್ ವಿಭಾಗದ ಪಕ್ಕದಲ್ಲೇ. ನಡುವೆ ಒಂದು ಪ್ಲೈವುಡ್ ಹಲಗೆ. ದಿನಕ್ಕೆ ಎಂಟು ಗಂಟೆ ಉಕ್ಕನ್ನು ಉಜ್ಜುವ ಸದ್ದಿನಲ್ಲಿ ಕೂತು ಅವರು ಜಗತ್ತಿನ ಕುಂದುಗಳನ್ನು ಪತ್ತೆಹಚ್ಚುತ್ತಿದ್ದರು.

ನನ್ನನ್ನೂ ಹಾಗೇ ಪತ್ತೆಹಚ್ಚಿದರು. ಹೆಣ್ಣು ನೋಡಲು ಹೋದ ದಿನ ಎಲ್ಲರೂ ನನ್ನ ಸಂಬಳ, ಮನೆತನ, ಮಠ ವಿಚಾರಿಸುತ್ತಿದ್ದರೆ ಇವರು ಮಾತ್ರ ಹೊರಗೆ ಬಾಗಿಲಲ್ಲಿ ಕುಕ್ಕರುಗಾಲಿನಲ್ಲಿ ಕೂತಿದ್ದರು. ಮೊದಲ ಭೇಟಿಯಲ್ಲೇ ಇಷ್ಟು ನಾಚಿಕೆಯ ಮಾವ ಸಿಕ್ಕರಲ್ಲ ಎಂದು ನಾನು ಸಂತೋಷಪಟ್ಟೆ. ಅವರು ಏನು ಮಾಡುತ್ತಿದ್ದರು ಎಂಬುದು ತಿಳಿದದ್ದು ಮದುವೆಯಾದ ವಾರದ ಮೇಲೆ, ಹೆಂಡತಿ ಆಲ್ಬಮ್ಮಿನ ನಡುವಿನಿಂದ ಒಂದು ಹಳದಿ ಚೀಟಿ ತೆಗೆದು ತೋರಿಸಿದಾಗ. ವಸ್ತು: ಹುಡುಗ. ದೋಷ: ಎಡಗಾಲಿನ ಚಪ್ಪಲಿ ಹೊರಬದಿಗೆ ಸವೆದಿದೆ, ನಡಿಗೆ ಓಲುತ್ತದೆ. ಷರಾ: ಬಳಸಬಹುದು.

ನನ್ನ ಮದುವೆಗೆ ಬಂದ ಆಶೀರ್ವಾದಗಳಲ್ಲಿ ಸತ್ಯಕ್ಕೆ ಹತ್ತಿರವಾಗಿದ್ದದ್ದು ಇದೊಂದೇ ಎಂದು ಈಗ ಅನ್ನಿಸುತ್ತದೆ.

ಎಂಟು ವರ್ಷದ ಹಿಂದೆ ಕಾರ್ಖಾನೆ ಮುಚ್ಚಿತು. ಅದರಲ್ಲಿ ವಿಶೇಷವೇನಿಲ್ಲ. ಪೀಣ್ಯದಲ್ಲಿ ಈಗ ಎಷ್ಟೋ ಗೇಟುಗಳ ಮೇಲೆ ಕಾರ್ಖಾನೆಯ ಹೆಸರಿಗಿಂತ 'ಬಾಡಿಗೆಗೆ ಇದೆ' ಎಂಬ ಬೋರ್ಡೇ ದೊಡ್ಡದು. ನಾನು ಕೆಲಸ ಮಾಡುವ ಟ್ರಾನ್ಸ್‌ಫಾರ್ಮರ್ ಕಂಪನಿಯ ಡಿಸ್ಪ್ಯಾಚ್ ಕೋಣೆಯ ಕಿಟಕಿಯಿಂದಲೇ ಅಂಥವು ನಾಲ್ಕು ಕಾಣುತ್ತವೆ. ಐದನೆಯದು ನಮ್ಮದೇ ಆಗಬಹುದೆಂದು ನಾನು ದಿನಾ ಬೆಳಿಗ್ಗೆ ಅಂದುಕೊಳ್ಳುತ್ತೇನೆ. ಇರಲಿ. ಮುಚ್ಚುವ ದಿನ ಮಾಲೀಕರು, ಏನು ಬೇಕೋ ತಗೊಂಡು ಹೋಗಿ ಅಂದರಂತೆ. ಉಳಿದವರು ಫ್ಯಾನು, ಕುರ್ಚಿ, ಕಬ್ಬಿಣದ ಬೀರು ಹೊತ್ತುಕೊಂಡು ಹೋದರು. ನಮ್ಮ ಮಾವನವರು ಆಟೋದಲ್ಲಿ ತಂದದ್ದು ಮೂರು: ಅಳತೆ ಸಾಮಾನುಗಳ ಚೀಲ, ಒಂದು ಮೂಟೆ ಚೀಟಿ, ಮತ್ತು ಎರಡು ಆಳು ಎತ್ತುವಷ್ಟು ಭಾರದ ಒಂದು ಗ್ರಾನೈಟ್ ಚಪ್ಪಡಿ. ಯಾವುದೇ ವಸ್ತು ಸಮವಾಗಿದೆಯೇ ಎಂದು ಇಟ್ಟು ನೋಡುವ ಕಲ್ಲು ಅದು. ಅವರು ಇರುವುದು ನಮ್ಮ ಜೊತೆಗೇ; ಬಾಗಲಗುಂಟೆಯ ನಮ್ಮ ಎರಡು ಕೋಣೆಯ ಮನೆಯ ಹಾಲ್‌ನಲ್ಲಿ ಸೋಫಾ ಇರಬೇಕಾದ ಜಾಗದಲ್ಲಿ ಇವತ್ತಿಗೂ ಅದಿದೆ. ಅದರ ಮೇಲೆ ಕಾಫಿ ಲೋಟ ಇಡುವಂತಿಲ್ಲ. ಕೂರುವಂತಿಲ್ಲ. ನಮ್ಮ ಮನೆಗೆ ಬಂದ ನೆಂಟರು ನಿಂತೇ ಮಾತಾಡಿ ಬೇಗ ಹೊರಡುತ್ತಾರೆ.

ನನ್ನ ಹೆಂಡತಿ ತಟ್ಟಿದ ರೊಟ್ಟಿ ಆ ಕಲ್ಲಿನ ಮೇಲೆ ಕೂತದ್ದುಂಟು. ಅಂಚಿನಲ್ಲಿ ಎರಡೂವರೆ ಮಿಲಿಮೀಟರ್, ನಡುವೆ ಮೂರೂಕಾಲು. "ನಿಮ್ಮವ್ವಂದು ಒಂದ ಸಮ ಇರ್ತಿತ್ತು" ಅಂದರು. ಹೆಂಡತಿ ಒಲೆಯ ಮುಂದೆ ಅತ್ತಳು. ಆಮೇಲೆ ಅವರೂ ಸುಮ್ಮನೆ ಆ ರೊಟ್ಟಿ ತಿಂದರು.

ಇನ್ನು ಅವರ ಉಳಿದ ವಿಚಿತ್ರಗಳನ್ನು ಹೇಳಬೇಕು. ಈಚಿನ ವರ್ಷಗಳಲ್ಲಿ ಅವರು ಫೋನಿನಲ್ಲಿ ಮಾತಾಡುವುದನ್ನು ನಿಲ್ಲಿಸಿಬಿಟ್ಟಿದ್ದರು. "ಬರದ ಕಳಸ್ರಿ. ಬಾಯಿಮಾತಿಗೆ ದಾಖಲೆ ಇರಂಗಿಲ್ಲ" ಎಂಬ ಸಿದ್ಧಾಂತ. ಟೀವಿಯಲ್ಲಿ ವಾರ್ತೆಯನ್ನು ಸದ್ದು ಪೂರ್ತಿ ಇಳಿಸಿ ನೋಡುತ್ತಿದ್ದರು. "ಅವರು ಒದರೋದನ್ನೆಲ್ಲಾ ಕೆಳಗ ಬರದಿರ್ತಾರಲ್ರಿ." ಇದಂತೂ ನನಗೆ ಬಹಳ ಹಿಡಿಸಿತ್ತು. ಮದುವೆಮನೆಗಳಲ್ಲಿ ಮಾತಾಡುವವರ ಮುಖಕ್ಕೆ ಮುಖ ಕೊಟ್ಟು, ಅವರ ಹಲ್ಲಿನ ಅಳತೆ ತೆಗೆಯುತ್ತಿದ್ದಾರೇನೋ ಎಂಬಂತೆ ದಿಟ್ಟಿಸುತ್ತಿದ್ದರು. ಕೆಲವು ಹೆಂಗಸರು ಸೆರಗು ಸರಿಮಾಡಿಕೊಂಡು ಎದ್ದುಹೋಗಿದ್ದಾರೆ. ಇನ್ನು ಮನೆಯಲ್ಲಿ ಏನು ಕೇಳಿದರೂ ಒಂದೇ ಉತ್ತರ. ಕಾಫಿ ಬೇಕಾ ಮಾವ? "ನೋಡೋಣ." ಕರೆಂಟ್ ಹೋಯ್ತು ಮಾವ. "ನೋಡೋಣ." ಪಕ್ಕದ ಮನೆಯವರ ತಂದೆ ತೀರಿಕೊಂಡರಂತೆ ಮಾವ. "ನೋಡೋಣ."

ಇಷ್ಟೊಂದು ಮುನ್ನೆಚ್ಚರಿಕೆಯ ಮನುಷ್ಯನನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಈ ಕಥೆಗಳನ್ನು ನಾನು ಆಫೀಸಿನಲ್ಲಿ ಊಟದ ಹೊತ್ತಿಗೆ ಹೇಳುತ್ತಿದ್ದೆ. ಕೆಲಸ ಹೋಗುವ ಭಯದಲ್ಲಿದ್ದ ಡಿಸ್ಪ್ಯಾಚಿನವರು ಅರ್ಧ ಗಂಟೆ ನಗುತ್ತಿದ್ದರು. ಆ ನಗುವಿಗೆ ನಾನು ಋಣಿಯಾಗಿದ್ದೆ ಎಂಬುದನ್ನೂ ಒಪ್ಪಿಕೊಂಡುಬಿಡುತ್ತೇನೆ.

ಈ ಗಿಟಾರಿನ ಪ್ರಕರಣ ಶುರುವಾದದ್ದು ಹೋದ ವರ್ಷ, ನನ್ನ ಮಗಳಿಂದ. ಎಂಟನೇ ವಯಸ್ಸಿನಿಂದ ಅವಳು ಹಾಡು ಕಲಿತವಳು. ಅವಳ ಗಂಟಲು ನಮ್ಮ ಮನೆಯ ಏಕೈಕ ಆಸ್ತಿ ಎಂದು ನನ್ನ ಹೆಂಡತಿಯ ನಂಬಿಕೆ. ಸಂಘದವರ ಬಸವ ಜಯಂತಿಗೆ ಅವಳ ವಚನಗಾಯನ ಇಲ್ಲದಿದ್ದರೆ ಕಾರ್ಯಕ್ರಮ ಶುರುವಾಗುತ್ತಿರಲಿಲ್ಲ. ಅಂಥವಳು ಬಿ.ಕಾಂ. ಮೊದಲ ವರ್ಷಕ್ಕೆ ಸೇರಿ ಕೆಲವು ತಿಂಗಳಾದ ಮೇಲೆ ಒಂದು ದಿನ ಹಾಡು ಬಿಟ್ಟೆ ಅಂದಳು. ಇನ್ನು ಮೇಲೆ ಬಾಸ್ ಗಿಟಾರ್ ಕಲಿಯುತ್ತಾಳಂತೆ. ಕಾಲೇಜಿನ ಬ್ಯಾಂಡಿಗೆ ಇನ್ನು ಒಂದೂವರೆ ತಿಂಗಳಿಗೆ ಆಯ್ಕೆ, ಅಷ್ಟರೊಳಗೆ ಸ್ವಂತದ್ದೊಂದು ಬೇಕಂತೆ. ಕ್ಲಾಸಿನವಳ ಬಾಸ್ ಇಸಕೊಂಡು ಆಗಲೇ ನಾಲ್ಕು ತಿಂಗಳಿಂದ ಕಲಿಯುತ್ತಿದ್ದಾಳಂತೆ.

ಬಾಸ್ ಗಿಟಾರ್ ಎಂದರೇನೆಂದು ನನಗೆ ಗೊತ್ತಿರಲಿಲ್ಲ. ಅದಕ್ಕೆ ನಾಲ್ಕೇ ತಂತಿ, ಒಂದೊಂದೂ ಬಟ್ಟೆ ಒಣಗಿಸುವ ತಂತಿಯಷ್ಟು ದಪ್ಪ. ಹಾಡಿನ ತಳದಲ್ಲಿ ಗುಂ ಗುಂ ಅನ್ನುವುದು ಅದರ ಕೆಲಸ. ಇದ್ದರೆ ಯಾರಿಗೂ ಗೊತ್ತಾಗುವುದಿಲ್ಲ, ಇಲ್ಲದಿದ್ದರೆ ಏನೋ ಕಮ್ಮಿಯಾಯಿತು ಅನ್ನಿಸುತ್ತದೆ ಎಂದು ಮಗಳು ವಿವರಿಸಿದಳು. ಇಂಥ ಕೆಲಸವನ್ನು ನಾನು ಡಿಸ್ಪ್ಯಾಚಿನಲ್ಲಿ ಯಾವ ತಂತಿಯೂ ಇಲ್ಲದೆ ಇಪ್ಪತ್ತೆರಡು ವರ್ಷದಿಂದ ಮಾಡುತ್ತಿದ್ದೇನೆ.

"ಒಂಬತ್ತು ವರ್ಷ ಕಲಿತಿದ್ದನ್ನ ಮಣ್ಣು ಮಾಡ್ತೀಯೇನೇ?" ಎಂದು ಹೆಂಡತಿ ಕೇಳಿದಳು.

"ಮಣ್ಣಾಗಲ್ಲಮ್ಮ. ಕೆಳಗೆ ಹೋಗುತ್ತೆ ಅಷ್ಟೇ" ಅಂದಳು ಮಗಳು.

ಯಾಕೆ ಎಂದು ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ. ಮನೆಯಲ್ಲಿ ಎರಡು ವಾರ ಸಾವಿನ ಮನೆಯ ಮೌನ. ಕೊನೆಗೆ ಆ ಮೌನ ಮುರಿದದ್ದು ಮಾವನವರು. ಮೊಮ್ಮಗಳು ಅವರ ಎದುರಿಗೆ ಕೂತು ಏನೋ ಹೇಳಿದಳು, ಅವರು ಅವಳ ಮುಖವನ್ನೇ ನೋಡುತ್ತಿದ್ದು, "ತರೋಣ. ಆದ್ರ ನಾ ನೋಡಿ ಪಾಸ್ ಮಾಡಬೇಕು" ಅಂದರು. ಆಯ್ಕೆಗೆ ಇದ್ದದ್ದು ನಾಲ್ಕು ವಾರ. ಈ ಮನುಷ್ಯ ಪಾಸ್ ಮಾಡಿದ ವಸ್ತುಗಳ ಪಟ್ಟಿ ನಿಮಗೆ ಆಗಲೇ ಕೊಟ್ಟಿದ್ದೇನೆ.

ಮೊದಲು ಹೋದದ್ದು ದಾಸರಹಳ್ಳಿ ಕಡೆಯ ಒಂದು ವಾದ್ಯದಂಗಡಿಗೆ. ಜುಟ್ಟು ಕಟ್ಟಿದ ಅಂಗಡಿಯವನು ಬಹಳ ವಿನಯದಿಂದ, ನಮ್ಮ ಕೈಗೆಟಕುವಂಥದ್ದೇ ಒಂದನ್ನು ಇಳಿಸಿ ಕೊಟ್ಟ. ಕೆಂಪು ಬಣ್ಣ, ಮುಖ ಕಾಣುವಷ್ಟು ಹೊಳಪು. ನನಗಂತೂ ತಕ್ಷಣ ಇಷ್ಟವಾಯಿತು. ಮಾವನವರು ಚೀಲ ಬಿಚ್ಚಿ ಟಾರ್ಚು ತೆಗೆದರು. ವರ್ನಿಯರ್ ತೆಗೆದರು. ಸಂದಿನ ದಪ್ಪ ಅಳೆಯುವ ತೆಳು ತಗಡುಗಳ ಗೊಂಚಲು ತೆಗೆದರು. ಆಮೇಲೆ ಮಷೀನು ಒರೆಸುವ ನೂಲಿನ ಚಿಂದಿ, ನೂಲುವೇಸ್ಟು, ಒಂದು ಹಿಡಿ ತೆಗೆದರು.

"ಸಾರ್, ನುಡಿಸಿ ನೋಡಲ್ವಾ?" ಎಂದ ಅಂಗಡಿಯವನು.

"ನುಡಸೋದು ಆಮ್ಯಾಲೆ. ಮೊದಲ ಇದು ಗಿಟಾರ್ ಹೌದೋ ಅಲ್ಲೋ ನೋಡಬೇಕಲ್ಲ."

ಗಿಟಾರಿನ ಕತ್ತಿನ ಮೇಲೆ ಅಡ್ಡಡ್ಡ ಲೋಹದ ಪಟ್ಟಿಗಳಿರುತ್ತವೆ, ಫ್ರೆಟ್ ಅನ್ನುತ್ತಾರೆ. ಆ ಪಟ್ಟಿಗಳ ತುದಿ ಬರುವ ಅಂಚಿನುದ್ದಕ್ಕೂ ಮಾವನವರು ನೂಲುವೇಸ್ಟನ್ನು ಎಳೆದರು. ಕಾರ್ಖಾನೆಯಲ್ಲಿ ಗೇರಿನ ಅಂಚಿನ ಮುಳ್ಳು ಹುಡುಕುವುದು ಹಾಗೆಯೇ. ಕಣ್ಣಿಗೆ ಕಾಣದ್ದು ನೂಲಿಗೆ ಸಿಗುತ್ತದೆ. ಐದು ಕಡೆ ನೂಲು ಸಿಕ್ಕಿಕೊಂಡಿತು. ಆಮೇಲೆ ಕತ್ತು ಮತ್ತು ಮೈ ಕೂಡುವ ಸಂದಿಗೆ ಒಂದೊಂದೇ ತಗಡು ತೂರಿಸಿದರು. ಕೊನೆಗೆ ಅಂಗಡಿಯವನದೇ ವಿಸಿಟಿಂಗ್ ಕಾರ್ಡು ಕೇಳಿ ತೆಗೆದುಕೊಂಡು ಅದನ್ನೂ ತೂರಿಸಿದರು. ಆರಾಮಾಗಿ ಹೋಯಿತು.

"ಸಾರ್, ಈ ರೇಂಜಲ್ಲಿ ಇಷ್ಟೇ ಬರೋದು. ಬಿಗಿನರ್ಸ್‌ಗೆ ಸಾಕು ಸಾರ್."

"ಕಲಿಯೋರಿಗೆ ಅಂತ ಸೊಟ್ಟ ಮಾಡ್ತಾರೇನು? ಕಲತವರು ಸೊಟ್ಟಂದ್ರಾಗೂ ನುಡಸ್ತಾರ. ಕಲಿಯೋರಿಗೇ ನೆಟ್ಟಗಿರಬೇಕು" ಎಂದು ಮಾವನವರು ಕೆಂಪು ಚೀಟಿ ಬರೆದು, ಗಿಟಾರಿನ ತಂತಿ ಬಿಗಿಯುವ ಕಿವಿಗೆ ಕಟ್ಟಿ, ವಾಪಸ್ಸು ಕೊಕ್ಕೆಗೆ ನೇತುಹಾಕಿದರು. ನಾವು ಮೆಟ್ಟಿಲಿಳಿಯುವಾಗ ಇನ್ನೊಬ್ಬ ಗಿರಾಕಿ, ಕೆಂಪು ಚೀಟಿಯದಕ್ಕೆ ಎಷ್ಟು ಡಿಸ್ಕೌಂಟ್ ಎಂದು ಕೇಳುತ್ತಿದ್ದ.

ಎರಡನೆಯದನ್ನು ಆನ್‌ಲೈನಿನಲ್ಲಿ ತರಿಸಿದೆವು. ಅದು ಬಂದ ದಿನ ಮಗಳು ಕಾಲೇಜಿನ ಶಿಬಿರಕ್ಕೆ ಹೋಗಿದ್ದಳು. ನಾನು ಸಂಜೆ ಮನೆಗೆ ಬಂದಾಗ ಮಾವನವರು ಗ್ರಾನೈಟ್ ಕಲ್ಲಿನ ಮುಂದೆ ಬಹಳ ಉದ್ವೇಗದಲ್ಲಿದ್ದರು. ಅಂಚು ನುಣುಪಾಗಿತ್ತು, ಸಂದಿ ಬಿಗಿಯಾಗಿತ್ತು, ಕತ್ತು ನೇರವಾಗಿತ್ತು. ಆದರೆ ಪಟ್ಟಿ ಪಟ್ಟಿಗಳ ನಡುವಿನ ಅಂತರವೇ ಒಂದರಂತೆ ಒಂದಿಲ್ಲ!

"ಮೊದಲನೇದು ನಲವತ್ತೆಂಟೂವರಿ. ಎರಡನೇದು ನಲವತ್ತೈದು ಮುಕ್ಕಾಲು. ಮೂರನೇದು ನಲವತ್ಮೂರು ಚಿಲ್ಲರೆ. ಕೆಳಗ ಹೋದಂಗ ಕಮ್ಮಿ ಕಮ್ಮಿ. ಮಷೀನಿನ ಟೂಲ್ ಜಾರೇತ್ರಿ. ಒಂದ ಪಟ್ಟಿ ಆದ್ರೂ ಸಮ ಇರಬೇಕಿಲ್ಲೇನು?"

ಅಳತೆ ನಾನೂ ನೋಡಿದೆ. ಅವರು ಹೇಳಿದ್ದು ಅಕ್ಷರಶಃ ನಿಜ. ಇಷ್ಟು ದೊಡ್ಡ ಮೋಸವನ್ನು ರಾಜಾರೋಷವಾಗಿ ಮಾರುತ್ತಾರಲ್ಲ ಎಂದು ನನಗೂ ರೋಷ ಬಂತು. ಇಬ್ಬರೂ ಸೇರಿ ಕೆಂಪು ಚೀಟಿ ಕಟ್ಟಿ, ಪೆಟ್ಟಿಗೆಗೆ ಹಾಕಿ, ಮರುದಿನ ವಾಪಸ್ಸು ಕಳಿಸಿದೆವು. ಇಪ್ಪತ್ತು ವರ್ಷದಲ್ಲಿ ಅಳಿಯ ಮಾವ ಒಂದು ಮಾತಿಗೆ ಬಂದದ್ದು ಅದೇ ಮೊದಲು.

ಶಿಬಿರದಿಂದ ಬಂದ ಮಗಳು ಕಥೆ ಕೇಳಿ ನೆಲದ ಮೇಲೆ ಕೂತು ನಕ್ಕಳು. ಆ ಅಂತರ ಕಡಿಮೆಯಾಗುತ್ತಲೇ ಹೋಗಬೇಕಂತೆ, ಹಾಗಿದ್ದರೇನೇ ಸ್ವರವಂತೆ, ಜಗತ್ತಿನ ಎಲ್ಲ ಗಿಟಾರುಗಳೂ ಹಾಗೆಯೇ ಅಂತೆ. ನಾನು ಬೇರೆ ಕೆಲಸವಿದ್ದವನಂತೆ ಎದ್ದು ಹೋದೆ. ಮಾವನವರು ಹೋಗಲಿಲ್ಲ. ಕಾಗದ, ಪೆನ್ನು ಹಿಡಿದು ಎರಡು ದಿನ ಕೂತರು. ಮೂರನೆಯ ದಿನ ತಿಂಡಿ ತಿನ್ನುವಾಗ, ಯಾರೂ ಕೇಳದೆ, ಹೇಳಿದರು:

"ಪ್ರತಿ ಒಂದೂ ಹಿಂದಿನದಕ್ಕಿಂತ ಒಂದ ಪ್ರಮಾಣದಾಗ ಕಮ್ಮಿ ಆಗ್ತೈತಿ. ಹನ್ನೆರಡನೇ ಪಟ್ಟಿಗೆ ತಂತಿ ಸರಿಯಾಗಿ ಅರ್ಧ. ಕೂದಲೆಳಿ ಫರಕ್ ಇಲ್ಲ. ಯಾರಪ್ಪಾ ಇದನ್ನ ಕಂಡುಹಿಡದಾವ?" ಅವರ ಕಣ್ಣಿನಲ್ಲಿ ನೀರಿತ್ತು. ಆ ಬಾಸನ್ನು ಮತ್ತೆ ತರಿಸೋಣವೆಂದರೆ ಅಷ್ಟರಲ್ಲಿ ಮಾಲು ಮುಗಿದಿತ್ತು. ಮಾವನವರು ಕಂಪನಿಗೆ ಕ್ಷಮಾಪಣೆ ಕೇಳಿ ಕಾಗದ ಬರೆದರು. ಉತ್ತರವಾಗಿ, ದಯವಿಟ್ಟು ನಮಗೆ ಐದು ನಕ್ಷತ್ರ ಕೊಡಿ ಎಂಬ ಮೆಸೇಜು ಬಂತು. ಇವರು ಯೋಚಿಸಿ ನಾಲ್ಕು ಕೊಟ್ಟರು.

ಮೂರನೆಯದು ರಾಜಗೋಪಾಲನಗರದ ಒಬ್ಬ ಪರಿಚಯದವರ ಮನೆಯದು. ತಂದು ಕಲ್ಲಿನ ಮೇಲಿಟ್ಟು, ಕತ್ತಿನುದ್ದಕ್ಕೂ ಉಕ್ಕಿನ ನೇರಪಟ್ಟಿ ಹಿಡಿದು ಹಿಂದಿನಿಂದ ಟಾರ್ಚು ಬಿಟ್ಟರು. ನಡುವೆ ಬೆಳಕು ಕಾಣಬೇಕಾದದ್ದಕ್ಕಿಂತ ಹೆಚ್ಚು ಹಾಯಿತು. ಒಂದು ಮಗ್ಗುಲಿಗೆ ತಿರುಚಿಯೂ ಇತ್ತು. ಕೆಂಪು ಚೀಟಿ. ಆಯ್ಕೆಗೆ ಆಗ ಉಳಿದಿದ್ದದ್ದು ನಾಲ್ಕು ದಿನ.

ಆವತ್ತು ನಮ್ಮ ಕಂಪನಿಯಲ್ಲಿ ಹನ್ನೊಂದು ಜನಕ್ಕೆ ನಾಳೆಯಿಂದ ಬರಬೇಡಿ ಎಂದು ಹೇಳಿದ್ದರು. ನಾನು ಆ ಹನ್ನೊಂದರಲ್ಲಿರಲಿಲ್ಲ. ಆದರೆ ಅವರ ಗೇಟ್ ಪಾಸುಗಳನ್ನು ವಾಪಸ್ಸು ಪಡೆಯುವ ಕೆಲಸ ನನ್ನದಾಗಿತ್ತು. ಮನೆಗೆ ಬಂದು ಆ ಕೆಂಪು ಚೀಟಿ ನೋಡಿದಾಗ ನನಗೆ ತಡೆಯಲಾಗಲಿಲ್ಲ.

"ಮಾವ, ಸಾಕು ಮಾಡಿ" ಅಂದೆ. "ಎಲ್ಲದರಲ್ಲೂ ಹುಳುಕು ಹುಡುಕಿ ಆ ಮಗು ಬದುಕು ಹಾಳು ಮಾಡ್ತಿದೀರಿ. ಸಂಗೀತದ ಗಂಧಗಾಳಿ ಆದ್ರೂ ಗೊತ್ತಾ ನಿಮಗೆ? ಒಂಬತ್ತು ವರ್ಷ ಹಾಡಿದಳಲ್ಲ, ಒಂದು ದಿನ ಚೆನ್ನಾಗಿದೆ ಅಂದಿದೀರಾ? ನಿಮ್ಮ ಆ ಕಲ್ಲಿಗಾದ್ರೂ ಕೇಳಿಸಿರುತ್ತೆ, ನಿಮಗೆ ಕೇಳಿಸಿಲ್ಲ."

ಅವರು ನನಗೆ ಬೆನ್ನು ಹಾಕಿ ಕಲ್ಲಿನ ಮೇಲೆ ಬಗ್ಗಿದ್ದರು. ತಿರುಗಲಿಲ್ಲ. ನೇರಪಟ್ಟಿಯನ್ನು ಬಟ್ಟೆಯಿಂದ ನಿಧಾನವಾಗಿ ಒರೆಸಿ, ಎಣ್ಣೆ ಹಚ್ಚಿ, ಚೀಲಕ್ಕೆ ಹಾಕಿದರು. ಇಷ್ಟು ತಿರಸ್ಕಾರವೇ ಎಂದು ನನಗೆ ಮೈಯೆಲ್ಲ ಉರಿಯಿತು. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ಕಲ್ಲಾಗಿ ನಿಂತಿದ್ದಳು. ಮಗಳು ಮಾತ್ರ ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದಳು:

"ಅಪ್ಪ, ಇನ್ಮೇಲೆ ಅಜ್ಜಂಗೆ ಏನಾದ್ರೂ ಹೇಳ್ಬೇಕಾದ್ರೆ ಅವರ ಎದುರಿಗೆ ಬಂದು ಹೇಳು."

ಬೆನ್ನ ಹಿಂದೆ ಬೈದದ್ದಕ್ಕೆ ಬುದ್ಧಿ ಹೇಳುತ್ತಿದ್ದಾಳೆ ಎಂದುಕೊಂಡೆ.

ಭಾನುವಾರ ಬೆಳಿಗ್ಗೆ ಮತ್ತೆ ಅದೇ ಜುಟ್ಟಿನವನ ಅಂಗಡಿ. ನಮ್ಮನ್ನು ಕಂಡೊಡನೆ ಅವನು ಎದ್ದು ಬಂದು ಹೊಸ ಗಿಟಾರುಗಳಿಗೆ ಅಡ್ಡಲಾಗಿ ನಿಂತ. ಮಾವನವರು ಅವುಗಳ ಕಡೆ ನೋಡಲೂ ಇಲ್ಲ. ಮೂಲೆಯಲ್ಲಿ ಯಾವುದೋ ಆರ್ಕೆಸ್ಟ್ರಾದವರು ಮಾರಿಹೋಗಿದ್ದ ಒಂದು ಹಳೆಯ ಬಾಸ್ ಇತ್ತು. ಕಂದು ಬಣ್ಣ ಅಲ್ಲಲ್ಲಿ ಎದ್ದುಹೋಗಿ ಮರ ಕಾಣುತ್ತಿತ್ತು. ಅದನ್ನು ತೆಗೆಸಿ, ನೂಲುವೇಸ್ಟು ಎಳೆದರು, ಸಿಕ್ಕಲಿಲ್ಲ. ತಗಡು ತೂರಿಸಿದರು, ಹೋಗಲಿಲ್ಲ. ನೇರಪಟ್ಟಿ ಹಿಡಿದರು; ಇರಬೇಕಾದಷ್ಟೇ ಬೆಳಕು. ಹನ್ನೆರಡನೇ ಪಟ್ಟಿಗೆ ಸರಿಯಾಗಿ ಅರ್ಧ. ಆಮೇಲೆ ಚೀಲದ ತಳದಿಂದ ಮರದ ಹಿಡಿಯ ಒಂದು ಉದ್ದನೆಯ ಸ್ಕ್ರೂಡ್ರೈವರ್ ತೆಗೆದರು.

ಪೀಣ್ಯದ ಹಳಬರಿಗೆಲ್ಲ ಈ ವಿದ್ಯೆ ಗೊತ್ತು. ಓಡುವ ಮಷೀನಿನ ಬೇರಿಂಗ್ ಕೆಟ್ಟಿದೆಯೇ ಎಂದು ನೋಡಲು ಸ್ಕ್ರೂಡ್ರೈವರಿನ ತುದಿಯನ್ನು ಅದರ ಮೇಲಿಟ್ಟು, ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿ ಹಿಡಿಯುತ್ತಾರೆ. ಸುತ್ತ ಎಷ್ಟು ಗದ್ದಲವಿದ್ದರೂ ಒಳಗಿನ ನಡುಕ ನೇರ ತಲೆಗೆ ಬರುತ್ತದೆ. ಮಾವನವರು ಬಾಸಿನ ಮೈಗೆ ತುದಿ ಒತ್ತಿ, ಹಿಡಿಯನ್ನು ಕಿವಿಯ ಹಿಂದೆ ಇಟ್ಟುಕೊಂಡು, ಮೊಮ್ಮಗಳಿಗೆ ಒಂದೊಂದೇ ಪಟ್ಟಿಯ ಸ್ವರ ನುಡಿಸಲು ಹೇಳಿದರು. ಅವಳು ನುಡಿಸುತ್ತ ಹೋದಳು. ಅಂಗಡಿಯವನು ನನ್ನ ಮುಖ ನೋಡಿದ. ನಾನು ರಸ್ತೆ ನೋಡಿದೆ.

"ನಿಲ್ಲು" ಅಂದರು ಮಾವನವರು. "ಸಣ್ಣ ತಂತಿ, ಐದನೇ ಪಟ್ಟಿ. ಮತ್ತೊಮ್ಮೆ ನುಡಸು. ಇಲ್ಲಿ ಜೀವ ಲಗೂನ ಹೋಗ್ತೈತಿ."

ಅಂಗಡಿಯವನು ಬಾಸನ್ನು ಇಸಕೊಂಡು ತಾನೇ ನಾಲ್ಕೈದು ಸಲ ನುಡಿಸಿ ನೋಡಿದ. ಉಳಿದ ಕಡೆ ಉದ್ದಕ್ಕೆ ನಿಲ್ಲುವ ದನಿ ಅಲ್ಲಿ ಮಾತ್ರ ಬೇಗ ಆರಿಹೋಗುತ್ತಿತ್ತು. "ಡೆಡ್ ಸ್ಪಾಟ್ ಸಾರ್. ಆರು ತಿಂಗಳಿಂದ ನಮ್ಮ ಹತ್ರ ಐತೆ, ನಂಗೇ ಗೊತ್ತಾಗಿರ್ಲಿಲ್ಲ. ನೀವು ಎಲ್ಲಿ ನುಡಿಸ್ತಿದ್ರಿ?"

"ನುಡಸ್ತಿದ್ದಿಲ್ಲ. ಗೇರ್ ನೋಡ್ತಿದ್ದೆ."

ಕೆಂಪು ಚೀಟಿ ಬಂತು ಎಂದು ನಾನು ಕಣ್ಣು ಮುಚ್ಚಿದೆ. ಬರಲಿಲ್ಲ. ಮಾವನವರು ಸ್ಕ್ರೂಡ್ರೈವರನ್ನು ಕೆಳಗಿಟ್ಟರು. ಸ್ಟೂಲ್ ಮೇಲೆ ಕೂತಿದ್ದ ಮೊಮ್ಮಗಳ ಪಕ್ಕ ಮೊಣಕಾಲೂರಿ, ಬಾಸಿನ ಮೈಯಿಂದ ಚಾಚಿದ ಮೇಲಿನ ಕೊಂಬಿಗೆ ತಮ್ಮ ದವಡೆಯನ್ನೇ ಒತ್ತಿ ಹಿಡಿದರು. ಗಿರಾಕಿಗಳೆಲ್ಲ ನೋಡುತ್ತಿದ್ದರು. ನನಗೆ ನಾಚಿಕೆಯಿಂದ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಮಗಳು ಅವರ ಕಡೆ ಒಮ್ಮೆ ನೋಡಿ, ಯಾವ ಮುನ್ಸೂಚನೆಯೂ ಇಲ್ಲದೆ, ಚಿಕ್ಕಂದಿನಿಂದ ಹಾಡುತ್ತಿದ್ದ ಒಂದು ವಚನವನ್ನು ಆ ದಪ್ಪ ತಂತಿಗಳ ಮೇಲೆ ನಿಧಾನವಾಗಿ ನುಡಿಸತೊಡಗಿದಳು. ಬಸವ ಜಯಂತಿಗೆ ಪ್ರತಿ ವರ್ಷ ಹಾಡುತ್ತಿದ್ದದ್ದೇ ಅದು. ಮಾತಿಲ್ಲ, ಬರೀ ತಳದ ಗುಂಕಾರ.

ಮಾವನವರು ಕಣ್ಣು ಮುಚ್ಚಿದ್ದರು. ಮುಗಿದ ಮೇಲೂ ಸ್ವಲ್ಪ ಹೊತ್ತು ದವಡೆ ತೆಗೆಯಲಿಲ್ಲ. ಆಮೇಲೆ ಕೇಳಿದರು, "ಅವ್ವಿ, ನೀ ಹಾಡ್ತಿದ್ದದ್ದು ಇದ ಏನು?"

ಆ ಪ್ರಶ್ನೆ ನನಗೆ ಅರ್ಥವಾಗಲು ಸ್ವಲ್ಪ ಸಮಯ ಬೇಕಾಯಿತು. ಒಂಬತ್ತು ವರ್ಷ ಮುಂದಿನ ಸಾಲಿನಲ್ಲಿ ಕೂತು ಕೇಳಿದ ಹಾಡನ್ನು ಯಾರಾದರೂ ಹೀಗೆ ಕೇಳುತ್ತಾರೆಯೇ?

ಮಾವನವರೂ ಅಂಗಡಿಯವನೂ ಬಾಸಿನ ಕಿವಿಗಳ ಸ್ಕ್ರೂ ಬಿಗಿ ಮಾಡುತ್ತಿದ್ದಾಗ ನಾನು ಮಗಳನ್ನು ಹೊರಗೆ ಕರೆದೆ. ಮೇಲೆ ಮೆಟ್ರೋ ಹೋಗುತ್ತಿತ್ತು. ಅದು ದಾಟಿಹೋಗುವವರೆಗೆ ಕಾದು, "ಯಾವಾಗಿಂದ?" ಎಂದು ಕೇಳಿದೆ.

"ನನಗೆ ಗೊತ್ತಾಗಿದ್ದು ಹೋದ ಬಸವ ಜಯಂತಿಲಿ. ಎಲ್ರೂ ಚಪ್ಪಾಳೆ ತಟ್ಟಿದ್ಮೇಲೆ ಪಕ್ಕದವರ ಕೈ ನೋಡ್ಕೊಂಡು ಅಜ್ಜ ತಟ್ಟಿದ್ರು. ಆಮೇಲೆ ಮನೇಲಿ ಅವರ ಹಿಂದೆ ನಿಂತು ಹಾಡಿ ನೋಡ್ದೆ. ತಿರುಗ್ಲೇ ಇಲ್ಲ. ಡಾಕ್ಟರ ಹತ್ರ ನಾನೇ ಸ್ಕೂಟರಲ್ಲಿ ಕರ್ಕೊಂಡು ಹೋಗಿದ್ದೆ. ಗ್ರೈಂಡಿಂಗ್ ಸದ್ದಿಗೆ ಕಿವಿ ನರ ಸವೆದುಹೋಗಿದೆಯಂತೆ. ಕಿವಿ ಮಷೀನ್ ಹಾಕಿ ನೋಡಿದ್ರು. ಮಾತು ಸ್ವಲ್ಪ ಗೊತ್ತಾಗುತ್ತೆ, ಹಾಡು ಮಾತ್ರ ತಗಡು ಉಜ್ಜಿದಂಗೆ ಕೇಳುತ್ತಂತೆ. ತೆಗೆದಿಟ್ಬಿಟ್ರು."

"ನಮಗ್ಯಾಕೆ ಹೇಳ್ಲಿಲ್ಲ?"

"ಆಣೆ ಹಾಕಿಸ್ಕೊಂಡಿದ್ರಪ್ಪ. ಕೆಂಪು ಚೀಟಿ ಬಿದ್ದ ಮಾಲು ಲೈನ್ ಮ್ಯಾಲೆ ಇರಬಾರದು ಅವ್ವಿ, ಗೊತ್ತಾದ್ರ ನಾ ಈ ಮನೆ ಬಿಟ್ಟು ಹೋಗಬೇಕಾಗ್ತೈತಿ ಅಂದ್ರು." ಅವಳು ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. "ಒಂದಿನ ನೀರಿನ ಮೋಟರ್ ಓಡ್ತಿದ್ದಾಗ ಗೋಡೆ ಮೇಲೆ ಕೈಯಿಟ್ಟು, ಬೇರಿಂಗ್ ಹೋಗೈತಿ ಅಂದ್ರು. ಹೋಗಿತ್ತು. ಕೆಳಗಿನ ಸದ್ದು ಅವರಿಗೆ ಇನ್ನೂ ಬರುತ್ತೆ ಅಂತ ಆವಾಗ ಗೊತ್ತಾಯ್ತು. ನನ್ನ ದನಿ ಬರಲ್ಲ. ಅದಕ್ಕೇ."

ಅದಕ್ಕೇ. ಅಷ್ಟು ಹೇಳಿ ಅವಳು ಒಳಗೆ ಹೋದಳು.

ನಾನು ಅಲ್ಲೇ ನಿಂತಿದ್ದೆ. ಬರೆದು ಕಳಿಸಿರಿ ಎಂಬ ಸಿದ್ಧಾಂತ, ಸದ್ದಿಲ್ಲದ ವಾರ್ತೆ, ಮದುವೆಮನೆಯ ದಿಟ್ಟಿ, ಕರೆಂಟಿಗೂ ಸಾವಿಗೂ ಒಂದೇ 'ನೋಡೋಣ'. ಊಟದ ಹೊತ್ತಿನಲ್ಲಿ ನಾನು ಹೇಳಿ ನಗಿಸಿದ್ದೆಲ್ಲವೂ ಒಂದೊಂದಾಗಿ ತಿರುಗಿ ನನ್ನ ಕಡೆ ನೋಡಿದವು. ಇಷ್ಟು ಹೊತ್ತು ನಿಮ್ಮನ್ನೂ ಅದೇ ಕಥೆಗಳಿಂದ ನಗಿಸಲು ನೋಡಿದೆ. ಕ್ಷಮಿಸಬೇಕು. ಗೊತ್ತಿಲ್ಲದೆ ನಕ್ಕವನ ಸಂಕಟ ನಿಮಗೂ ಸ್ವಲ್ಪ ತಾಗಲಿ ಎಂಬ ಆಸೆಯಿತ್ತೋ ಏನೋ. ಒಂದೇ ಮನೆಯಲ್ಲಿದ್ದು, ಒಂದೇ ಪಾತ್ರೆಯ ಸಾರು ಉಂಡು, ಆ ಮನುಷ್ಯ ಒಂದೊಂದೇ ದನಿಯನ್ನು ಕಳೆದುಕೊಳ್ಳುತ್ತಿದ್ದದ್ದು ನನಗೆ ತಿಳಿಯಲಿಲ್ಲ. ಬೈದದ್ದೂ ಕೇಳಿಸಿರಲಿಲ್ಲ ಎಂಬುದೇ ನನಗೆ ಉಳಿದ ಸಮಾಧಾನ, ಮತ್ತು ಅಂಥ ಸಮಾಧಾನಪಟ್ಟುಕೊಂಡದ್ದಕ್ಕೆ ನನ್ನ ಮೇಲೆ ನನಗೇ ಅಸಹ್ಯ.

ಬಾಸ್ ಮನೆಗೆ ಬಂತು. ಅದರ ಕಿವಿಯಲ್ಲಿ ಒಂದು ಚೀಟಿ ತೂಗುತ್ತಿತ್ತು. ಹಳದಿ. ನನ್ನದೇ ಜಾತಿ.

ಮಧ್ಯಾಹ್ನ ಊಟವಾದ ಮೇಲೆ ನಾನು ಗ್ರಾನೈಟ್ ಕಲ್ಲನ್ನು ಸುತ್ತಿಕೊಂಡು ಹೋಗಿ ಮಾವನವರ ಎದುರಿಗೆ ನೆಲದ ಮೇಲೆ ಕೂತೆ. ಅವರು ನನ್ನ ತುಟಿ ನೋಡತೊಡಗಿದರು. ಈ ನೋಟವನ್ನು ನಾನು ಇಷ್ಟು ದಿನ ಅಹಂಕಾರ ಎಂದುಕೊಂಡಿದ್ದೆ. ನಿಧಾನವಾಗಿ, ಒಂದೊಂದೇ ಮಾತು ಬಿಡಿಸಿ ಹೇಳಿದೆ.

"ಮಾವ. ಹಳದಿ ಚೀಟಿಯವನು ಈ ಮನೇಲಿ ಇಪ್ಪತ್ತು ವರ್ಷದಿಂದ ಇದೀನಿ. ನನ್ನನ್ನ ಯಾರೂ ಲೈನ್ ಇಂದ ಇಳಿಸಿಲ್ಲ. ನಿಮ್ಮನ್ನೂ ಇಳಿಸೋರಿಲ್ಲ. ಎಲ್ಲಿಗೂ ಹೋಗೋದು ಬೇಡ."

ಒಳಗಿನಿಂದ ಹೆಂಡತಿ ಮೂಗು ಒರೆಸಿಕೊಳ್ಳುವುದು ಕೇಳಿಸಿತು, ನನಗೆ. ಆಮೇಲೆ ಮಾವನವರು ಬಾಗಿಲ ಕಡೆ ಕಣ್ಣು ಹಾಯಿಸಿ, "ನಿಮ್ಮ ಎಡಗಾಲ ಚಪ್ಪಲಿ ಈಗಲೂ ಹೊರಗಡೆಗೇ ಸವೀತೈತ್ರಿ" ಅಂದರು. ನನ್ನ ಮೊಣಕಾಲಿನ ಮೇಲೆ ಒಂದು ಸಲ ಕೈಯಿಟ್ಟು ತೆಗೆದರು.

ಕಾಲೇಜಿನ ಬ್ಯಾಂಡಿಗೆ ಮಗಳು ಆಯ್ಕೆಯಾಗಲಿಲ್ಲ. ಹತ್ತು ವರ್ಷ ನುಡಿಸಿದವನೊಬ್ಬ ಬಂದಿದ್ದನಂತೆ. ಅವಳಿಗೆ ಬೇಸರವಾಯಿತು, ಒಂದು ದಿನ ಊಟ ಬಿಟ್ಟಳು. ನನ್ನ ಕಂಪನಿಯಲ್ಲಿ ಇನ್ನೂ ಏಳು ಜನ ಹೋದರು. ಮಾವನವರ ಕಿವಿ ಇನ್ನು ಸರಿಹೋಗುವುದಿಲ್ಲ. ಇನ್ನೊಬ್ಬ ಡಾಕ್ಟರೂ ಅದನ್ನೇ ಹೇಳಿದರು. ಕೆಳಗಿನ ಸದ್ದುಗಳೂ ಎಷ್ಟು ದಿನ ಉಳಿಯುತ್ತವೋ ಹೇಳಲಾಗದು ಅಂದರು. ಆ ಮಾತನ್ನು ಮಾವನವರಿಗೆ ನಾವು ಬರೆದು ತೋರಿಸಲಿಲ್ಲ.

ದಿನಾ ಸಂಜೆ ಮಗಳು ಕಾಲೇಜಿನಿಂದ ಬಂದು ಕೈಕಾಲು ತೊಳೆದು ಬಾಸ್ ಹಿಡಿದು ಕೂರುತ್ತಾಳೆ. ಅದಕ್ಕೆ ಜೋಡಿಸುವ ಸ್ಪೀಕರ್ ಪೆಟ್ಟಿಗೆಯನ್ನು ಗ್ರಾನೈಟ್ ಕಲ್ಲಿನ ಮೇಲಿಟ್ಟಿದ್ದೇವೆ. ಅಳತೆಗಲ್ಲದೆ ಆ ಕಲ್ಲಿನ ಮೇಲೆ ಏನನ್ನಾದರೂ ಇಡಲು ಮಾವನವರು ಒಪ್ಪಿದ್ದು ಅದೇ ಮೊದಲು. ಅವರು ಕಲ್ಲಿಗೆ ಬೆನ್ನು ಕೊಟ್ಟು ಕಾಲು ಚಾಚಿ ಕೂರುತ್ತಾರೆ. ಅವಳು ಸಣ್ಣ ತಂತಿಯ ಐದನೇ ಪಟ್ಟಿಯನ್ನು ತಪ್ಪಿಸಿ ನುಡಿಸುವುದನ್ನು ಕಲಿತಿದ್ದಾಳೆ. ನನ್ನ ಹೆಂಡತಿ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ಬಾಗಿಲಿಗೆ ಬಂದು ನಿಲ್ಲುತ್ತಾಳೆ. ತಟ್ಟುವ ಸದ್ದು ನಡುವೆ ಬರಬಾರದಂತೆ.

ಮೊನ್ನೆ ಬಾಸಿನ ಧೂಳು ಒರೆಸುವಾಗ ಆ ಹಳದಿ ಚೀಟಿಯನ್ನು ಪೂರ್ತಿ ಓದಿದೆ. ವಸ್ತು: ಬಾಸ್ ಗಿಟಾರ್, ಹಳೆಯದು. ದೋಷ: ಬಣ್ಣ ಹೋಗಿದೆ, ಒಂದು ಗುಂಡಿ ಕರಕರ ಅನ್ನುತ್ತದೆ, ಸಣ್ಣ ತಂತಿಯ ಐದನೇ ಪಟ್ಟಿಯಲ್ಲಿ ಜೀವ ಕಡಿಮೆ. ಷರಾದ ಸಾಲಿನಲ್ಲಿ 'ಬಳಸಬಹುದು' ಎಂದು ಬರೆದು ಹೊಡೆದುಹಾಕಿದ್ದರು. ಅದರ ಕೆಳಗೆ, ಗೇರಿನ ಅಳತೆ ಬರೆಯುತ್ತಿದ್ದ ಅದೇ ಚೊಕ್ಕ ಅಕ್ಷರದಲ್ಲಿ, ಇನ್ನೊಂದು ಮಾತಿತ್ತು.

ಕೇಳಿಸುತ್ತದೆ.